ಓರಲೀ ನೀರಿಗಿಳಿಯದ ದಿನ

ಐವತ್ತು ದಾಟಿದ ಮೇಲೂ ಓರಲೀ ಪಿಂಡರ್ ದೋಣಿಯ ಅಂಚಿನಲ್ಲಿ ಕೂತು ಎರಡೂ ಪಾದಗಳನ್ನು ಒಂದೇ ಅಗಲವಾದ ರಬ್ಬರ್ ರೆಕ್ಕೆಯೊಳಗೆ ತೂರಿಸಿಕೊಳ್ಳುತ್ತಿದ್ದಳು. ತೂರಿಸುವಾಗೆಲ್ಲ ‘ದೇವರೇ’ ಎನ್ನುತ್ತಿದ್ದಳು. ಮಂಡಿ ನೋವು, ಕಿವಿ ನೋವು, ಎದೆಯಲ್ಲಿ ಬಿಟ್ಟೂ ಬಿಡದ ಕೆಮ್ಮು. ಆದರೂ ನಮ್ಮ ಬಿಮಿನಿ ದ್ವೀಪದಲ್ಲಿ ಡಾಲ್ಫಿನ್‌ಗಳ ಜೊತೆ ಕುಣಿಯುವವಳು ಎಂದರೆ ಅವಳೇ. ನಾನು ಆ ದೋಣಿಯ ಅಡುಗೆಯವಳು. ಅವಳು ಇಳಿಯುವುದನ್ನೂ ಏದುಸಿರು ಬಿಡುತ್ತಾ ಹತ್ತುವುದನ್ನೂ ಒಲೆಯ ಮುಂದಿನಿಂದಲೇ ನೋಡಿದವಳು.

ಚಿಕ್ಕಂದಿನಲ್ಲಿ ಅಪ್ಪನೊಂದಿಗೆ ಶಂಖ ಹೆಕ್ಕಲು ಮುಳುಗಿ ಮುಳುಗಿ ಅವಳಿಗೆ ಉಸಿರು ಬಿಗಿಹಿಡಿಯುವುದು ಸಲೀಸಾಗಿತ್ತು. ಕುಣಿತ ಕಲಿಸಿದವಳು ನೆರೇಯ್ದಾ. ಹವಾನಾದಲ್ಲಿ ಹುಡುಗಿಯರಿಗೆ ನೀರಾಟದ ನೃತ್ಯ ಹೇಳಿಕೊಡುತ್ತಿದ್ದ ಹೆಂಗಸು. ಒಂದು ಬೇಸಿಗೆಗೆಂದು ಬಂದು ಇಲ್ಲೇ ಉಳಿದುಬಿಟ್ಟಳು. ಮೊದಮೊದಲು ಅವರಿಬ್ಬರೂ ದಡದಲ್ಲಿ ಹೆಜ್ಜೆ ಜೋಡಿಸಿಕೊಂಡು ಹೋಗಿ ನೀರಿನಲ್ಲಿ ಕುಣಿದರೆ, ಡಾಲ್ಫಿನ್‌ಗಳು ಒಂದು ಸುತ್ತು ಹಾಕಿ ನೋಡಿ ಹೊರಟುಹೋಗುತ್ತಿದ್ದವು. ಆಮೇಲೆ ಇವರು ಮೊದಲೇ ಹೆಜ್ಜೆ ಜೋಡಿಸುವುದನ್ನು ಬಿಟ್ಟರು. ಡಾಲ್ಫಿನ್ ಹೊಟ್ಟೆ ಮೇಲೆ ಮಾಡಿದರೆ ಇವರೂ ಹೊಟ್ಟೆ ಮೇಲೆ ಮಾಡುವುದು. ಇವರು ಸುತ್ತಿಕೊಂಡು ಇಳಿದರೆ ಅದೂ ಸುತ್ತಿಕೊಂಡು ಇಳಿಯುವುದು. ಮುಟ್ಟುವುದಿಲ್ಲ, ಮೀನು ಹಾಕುವುದಿಲ್ಲ, ಬೆನ್ನಟ್ಟುವುದಿಲ್ಲ. ಬೆನ್ನಿನ ರೆಕ್ಕೆ ಮುಕ್ಕಾಗಿದ್ದ ಒಂದು ಹೆಣ್ಣು ಡಾಲ್ಫಿನ್ನಿಗೆ ‘ಮುಕ್ಕಿ’ ಎಂದು ಹೆಸರಿಟ್ಟಿದ್ದರು. ಅದು ಪಾಚಿಯ ಎಳೆಯೊಂದನ್ನು ರೆಕ್ಕೆಗೆ ಸಿಕ್ಕಿಸಿಕೊಂಡು ಬಂದು ಓರಲೀಯ ಮುಂದೆ ಬಿಡುತ್ತಿತ್ತು. ಇವಳು ಅದನ್ನು ಕಾಲಿನ ರೆಕ್ಕೆಗೆ ಸಿಕ್ಕಿಸಿಕೊಂಡು, ಸುತ್ತಿ, ತಿರುಗಿ ಬಿಡುತ್ತಿದ್ದಳು. ಕುಣಿತ ಬೆಳೆದದ್ದೇ ಅಲ್ಲಿಂದ.

ಒಂದು ವರ್ಷ ನೃತ್ಯದ ತಂಡವೊಂದು ಈ ಕುಣಿತದ ಚಿತ್ರ ತೆಗೆಯಲು ಬಂತು. ತಂಡದ ಯಜಮಾನಿ ಇನೆಜ್, ಮೆದು ಮಾತಿನ ಹೆಂಗಸು. ದೋಣಿ ನಡೆಸುವವನು ಓರಲೀಯ ತಮ್ಮ ಯೂಸ್ಟಸ್. ದಿನಗಟ್ಟಲೆ ನೀರಿನಡಿಯ ಬಿಳಿ ಮರಳಿನ ದಿಬ್ಬದ ಮೇಲೆ ದೋಣಿಯನ್ನು ಅತ್ತಿಂದಿತ್ತ ಓಡಿಸಿದ. ಒಂದು ರೆಕ್ಕೆಯೂ ಕಾಣಲಿಲ್ಲ. ಬಿಸಿಲಿಗೆ ಎಲ್ಲರ ಮೂಗೂ ಸುಲಿಯಿತು.

ಕೊನೆಗೊಂದು ಬೆಳಿಗ್ಗೆ ಡಾಲ್ಫಿನ್‌ಗಳು ಬಂದವು. ನೆಗೆಯಲಿಲ್ಲ, ದೋಣಿಯ ಮೂತಿಗೆ ಬರಲಿಲ್ಲ. ಒಂದಕ್ಕೊಂದು ಒತ್ತಿಕೊಂಡು ಮೆಲ್ಲಗೆ ಮೇಲೆದ್ದು, ಉಸಿರು ಬಿಟ್ಟು, ಮೆಲ್ಲಗೆ ಮುಳುಗುತ್ತಿದ್ದವು. ರಾತ್ರಿಯೆಲ್ಲ ಆಳದಲ್ಲಿ ಬೇಟೆಯಾಡಿ ಬಂದು ನಿದ್ದೆ ಮಾಡುತ್ತಿದ್ದವು. ಇದು ದೋಣಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಇನೆಜ್‌ಗೂ ಗೊತ್ತಿತ್ತು.

“ಅಕ್ಕಾ, ಇಳಿ ಬೇಗ. ಇಷ್ಟು ದಿನ ಆದ್ಮೇಲೆ ಸಿಕ್ಕಿದಾವೆ,” ಎಂದ ಯೂಸ್ಟಸ್.

“ನಾನಿಳಿಯಲ್ಲ ಕಣೋ. ಮಲಗಿದಾವೆ.”

“ಈಜ್ತಾ ಇದಾವಲ್ಲೇ!”

“ನೀನು ಚರ್ಚಲ್ಲಿ ನಿಂತ್ಕೊಂಡೇ ಗೊರಕೆ ಹೊಡೆಯಲ್ವಾ? ಹಂಗೇ.”

ಯಾರೂ ನಗಲಿಲ್ಲ. ಇನೆಜ್ ಮೆಲ್ಲಗೆ, “ಸ್ವಲ್ಪ ಹೊತ್ತು ಸಾಕು ಓರಲೀ ಅವರೇ. ದೂರದಿಂದಲೇ,” ಎಂದಳು. ನೆರೇಯ್ದಾ ಆಗಲೇ ರೆಕ್ಕೆ ಹಾಕಿಕೊಂಡು ಕೂತಿದ್ದಳು. ಸಿಟ್ಟು ಅವಳಿಗೇ ಹೆಚ್ಚು ಬಂತು.

“ನಿನಗೆ ಸುಸ್ತು ಕಣೇ. ಅದಕ್ಕೆ ಅವಕ್ಕೂ ಸುಸ್ತು ಅಂತೀಯ.”

“ಹೌದು, ನನಗೂ ಸುಸ್ತೇ,” ಎಂದಳು ಓರಲೀ. “ಬೆಳಿಗ್ಗೆ ಕಣ್ಣು ಬಿಡೋದಕ್ಕೇ ಬೇಜಾರು ನನಗೆ. ಆ ಹೊತ್ತಲ್ಲಿ ಯಾರಾದ್ರೂ ಬಂದು ಕುಣಿ ಅಂದ್ರೆ ಹೊಡೆದುಬಿಡ್ತೀನಿ. ಅವು ಹೊಡೆಯಲ್ಲ, ಅಷ್ಟೇ. ನೀನು ಬೇಕಾದ್ರೆ ಹೋಗು. ನಾನು ಬರಲ್ಲ.”

ನೆರೇಯ್ದಾ ನೀರಿನ ಕಡೆ ನೋಡಿದಳು. ಆಮೇಲೆ ರೆಕ್ಕೆ ಕಿತ್ತು ಎಸೆದಳು. ಅವರಿಬ್ಬರೂ ಇಳಿಯದೆ ಬೇರೆ ಯಾರೂ ಇಳಿಯಲಿಲ್ಲ. ಡಾಲ್ಫಿನ್‌ಗಳು ಹಾಗೇ ಮುಂದಕ್ಕೆ ಹೋದವು. ನಾನು ಮಾಡಿದ್ದ ಮೀನಿನ ಸಾರು, ಜೋಳದ ರವೆಯ ಗಂಜಿ ಪಾತ್ರೆಯಲ್ಲೇ ಆರಿದವು. ಅಂದಿನಿಂದ ಅವರಿಬ್ಬರೂ ಮಾತು ಬಿಟ್ಟರು.

ಮರುದಿನ ಗಾಳಿ, ದೋಣಿ ಬಿಡಲಿಲ್ಲ. ಅದರ ಮರುದಿನ ಗಾಳಿ ನಿಂತಿತು; ಸಂಜೆ ತಂಡ ಹೊರಡಬೇಕಿತ್ತು. ಅಂದು ಮಧ್ಯಾಹ್ನ ಓರಲೀ ದೋಣಿಯ ಮಾಡಿನ ನೆರಳಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಆಗ ಬಂದವು, ಸದ್ದು ಮಾಡುತ್ತಾ, ದೋಣಿಯ ಮುಂದೆ ನೆಗೆಯುತ್ತಾ. ನಾನು ಓಡಿಹೋಗಿ ಅವಳ ಭುಜ ಅಲುಗಾಡಿಸಿದೆ. “ಬಂದೆ,” ಎಂದು ಮಗ್ಗುಲು ಬದಲಿಸಿ ಮತ್ತೆ ಮಲಗಿದಳು. ನೆರೇಯ್ದಾ ಕೈಸನ್ನೆಯಲ್ಲಿ ‘ಬಿಡು’ ಎಂದು ಇನೆಜ್‌ಳ ಜೊತೆ ಇಳಿದಳು.

ನೀರು ಗಾಜಿನಂತಿತ್ತು, ಮೇಲಿಂದಲೇ ಎಲ್ಲ ಕಾಣುತ್ತಿತ್ತು. ಮುಕ್ಕಿ ಪಾಚಿ ತಂದು ಬಿಟ್ಟಿತು. ನೆರೇಯ್ದಾ ಕೈಯಲ್ಲಿ ಹಿಡಿದು, ಸುತ್ತಿಕೊಂಡು ಇಳಿದು, ಇನೆಜ್‌ಳ ಕಡೆ ಬಿಟ್ಟಳು. ಇನೆಜ್ ಹಿಡಿಯಲು ತಡವರಿಸಿದಳು. ಅಷ್ಟರಲ್ಲಿ ಮುಕ್ಕಿಯ ಮರಿ ಬಂದು ಅದನ್ನು ಮೂತಿಯಲ್ಲಿ ಕದ್ದು ತಿರುಗಿತು. ನೆರೇಯ್ದಾ, ಇನೆಜ್, ಮುಕ್ಕಿ ಮೂವರೂ ಅದರ ಸುತ್ತ ತಿರುಗಿದರು. ಉಸಿರಿಗೆ ಮೇಲೆ ಬಂದರೆ ಡಾಲ್ಫಿನ್‌ಗಳೂ ಜೊತೆಗೇ ಬಂದವು, ಮತ್ತೆ ಜೊತೆಗೇ ಇಳಿದವು. ಎಷ್ಟೋ ಹೊತ್ತು ನಡೆಯಿತು. ಯೂಸ್ಟಸ್ ಚುಕ್ಕಾಣಿ ಹಿಡಿದುಕೊಂಡೇ ಅಳುತ್ತಿದ್ದ. ಕೇಳಿದರೆ ಉಪ್ಪುನೀರು ಸಿಡಿಯಿತು ಎಂದ.

ಓರಲೀ ಎದ್ದಾಗ ಇಳಿದಿದ್ದ ಇಬ್ಬರ ಕೂದಲೂ ಒದ್ದೆ.

“ಬಂದಿದ್ವಾ?”

“ಬಂದಿದ್ವು,” ಎಂದಳು ನೆರೇಯ್ದಾ. ಆ ಜಗಳವಾದ ಮೇಲೆ ಓರಲೀಯೊಂದಿಗೆ ಅವಳಾಡಿದ ಮೊದಲ ಮಾತು.

“ಮುಕ್ಕಿ?”

“ಮರೀನೂ ಕರ್ಕೊಂಡು ಬಂದಿದ್ಲು.”

ಓರಲೀ ಸಮುದ್ರದ ಕಡೆ ನೋಡಿದಳು. ಈಗ ಅಲ್ಲೇನೂ ಇರಲಿಲ್ಲ. ನನ್ನ ಕಡೆ ತಿರುಗಿ, ಸಾರು ಉಳಿದಿದೆಯಾ ಎಂದು ಕೇಳಿದಳು. ದಡಕ್ಕೆ ಬರುವಾಗ ನನ್ನ ಪಕ್ಕ ಕೂತು ಹೇಳಿದಳು: “ಹೊಟ್ಟೆಕಿಚ್ಚಾಗುತ್ತೆ ಅಂದ್ಕೊಂಡಿದ್ದೆ. ಆಯ್ತು. ಆದ್ರೆ ಎಷ್ಟು ದಿನ ಆಗಿತ್ತೇ ಹಂಗೆ ಮಲಗಿ!”

ಮುಂದಿನ ವರ್ಷದಿಂದ ಅವಳು ಕುಣಿಯುವುದನ್ನು ಬಿಟ್ಟು ದೋಣಿಯ ಮಾಡಿನ ಮೇಲೆ ಕೂತು, ಅವು ಎಚ್ಚರವಾಗಿವೆಯೋ ಮಲಗಿವೆಯೋ ನೋಡುವವಳಾದಳು. ಅವಳು ಹೂಂ ಎಂದರೆ ಇಳಿಯುವುದು, ಇಲ್ಲವೆಂದರೆ ಇಲ್ಲ. ಯೂಸ್ಟಸ್ ಗೊಣಗುತ್ತಾನೆ, ಆದರೂ ದೋಣಿ ತಿರುಗಿಸುತ್ತಾನೆ. ಈ ಬೇಸಿಗೆಯಲ್ಲಿ ಒಂದೇ ಒಂದು ಸಲ ನೆರೇಯ್ದಾಳ ಜೊತೆ ಅವಳೂ ಇಳಿದಳು. ಒಂದು ಸುತ್ತು ಸುತ್ತಿ, ಕೆಮ್ಮುತ್ತಾ ಮೇಲೆ ಬಂದು ಕೈ ಚಾಚಿದಳು.

“ಭಾರ ಆಗಿದೀಯ ಅಕ್ಕಾ,” ಎಂದ ತಮ್ಮ.

“ಎಳಿಯೋ ಸುಮ್ನೆ,” ಎಂದಳು.