ಜುಬೇದಾ ಸವರಿದ ಗುಲಾಬಿಗಳು

ಮೋಮಿನಪುರದ ಜುಬೇದಾ ಮಾಲಿ ಕೆಲಸದವಳು. ಮೊದಲು ಆ ಕೆಲಸ ಗಂಡ ಫಕ್ರುದ್ದೀನನದಾಗಿತ್ತು. ಆರು ವರ್ಷದ ಹಿಂದೆ ಬೇವಿನ ಗಿಡದಿಂದ ಬಿದ್ದು ಅವನ ಸೊಂಟ ಕೈಕೊಟ್ಟಿತು. ಆಗ ಜುಬೇದಾ ಕತ್ತರಿ, ಕುರ್ಪಿ ಚೀಲಕ್ಕೆ ಹಾಕಿಕೊಂಡು ಹೊರಟಳು. "ಹೆಂಗಸು ಮಾಲಿ ಎಲ್ಲ್ಯಾರ ಇರ್ತಾಳೇನು?" ಎಂದು ನಕ್ಕವರೇ ಈಗ ಅವಳು ಬರುವ ದಿನ ಕಾಯುತ್ತಾರೆ. ಫಕ್ರುದ್ದೀನ ಮನೆಯಲ್ಲಿ ಕೂತು ಫೋನಿನಲ್ಲೇ ಸಲಹೆ ಕೊಡುತ್ತಾನೆ. ಇವಳು "ಹೌ ಜೀ, ಹೌ" ಅನ್ನುತ್ತಾಳೆ, ತನಗೆ ಸರಿ ಕಂಡದ್ದನ್ನು ಮಾಡುತ್ತಾಳೆ.

ನವೆಂಬರ್ ಮೊದಲ ವಾರ. ಮಳೆ ಹಿಂದೆ ಸರಿದು ಬೆಳಗಿನ ಗಾಳಿಗೆ ಸಣ್ಣಗೆ ಹಲ್ಲು ಮೂಡಿತ್ತು. ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಹೆಡ್‌ಮಿಸ್ ಶಿವಕಾಂತಮ್ಮನವರ ಮನೆ. ಅವರು ಶಾಲೆಗೆ ಹೋಗಿದ್ದರು. ಅಂಗಳದ ಇಪ್ಪತ್ತೆರಡು ಗುಲಾಬಿ ಗಿಡಗಳು ಮಳೆಗಾಲದಲ್ಲಿ ಹೇಳೋರು ಕೇಳೋರಿಲ್ಲದೆ ಎತ್ತರಕ್ಕೆ ಬೆಳೆದು, ತುದಿಗೊಂದೊಂದು ಸೊರಗಿದ ಹೂ ಹೊತ್ತು ನಿಂತಿದ್ದವು. ಜುಬೇದಾ ಸೆರಗು ಬಿಗಿದು, ಕತ್ತರಿ ಹಿಡಿದು ಒಂದೊಂದನ್ನೂ ಮೊಣಕಾಲೆತ್ತರಕ್ಕೆ ಸವರಿದಳು. ಬುಡ ಕೆದರಿ, ಸಗಣಿ ಗೊಬ್ಬರ ಕೊಟ್ಟಳು.

ಸಂಜೆ ಗೇಟು ತೆಗೆದ ಶಿವಕಾಂತಮ್ಮ ಅಲ್ಲೇ ನಿಂತುಬಿಟ್ಟರು.

"ಅಯ್ಯ ಶಿವನೇ! ಇದೇನ ಮಾಡೀದಿ ಜುಬೇದಾ? ನಮ್ಮ ಪ್ರೀತಿ ಬಸುರಿ ಅದಾಳ, ಆಕಿ ಕುಬಸ ಬಂತು! ಬಂದೋರಿಗೆ ಮುಳ್ಳು ತೋರಸ್ಲೇನು?"

"ಮಗಳ ಕುಬಸ ಯಾವತ್ತದರೀ ಅಕ್ಕಾರ?"

"ಡಿಸೆಂಬರ್ ಇಪ್ಪತ್ತಾರಕ್ಕ."

ಜುಬೇದಾ ಬೆರಳು ಮಡಚಿ ಎಣಿಸಿದಳು. "ಇನ್ನೂ ಏಳು ವಾರ ಅದರೀ. ಚಳಿ ಬಿದ್ದಂಗ ಚಿಗುರ್ತಾವ. ಅಷ್ಟೊತ್ತಿಗೆ ಹೂ ಬರ್ತಾವ."

"ಬರಲಿಲ್ಲಂದ್ರ? ಇನ್ನ ನೀ ಬರೂದೇ ಬ್ಯಾಡ!"

ಜುಬೇದಾ ಕತ್ತರಿ ಚೀಲಕ್ಕೆ ಹಾಕಿಕೊಂಡು ಹೋದಳು. ಮೂರನೆಯ ದಿನ ಮತ್ತೆ ಬಂದು ಪೈಪು ಹಿಡಿದಳು. ಶಿವಕಾಂತಮ್ಮ ಕಿಟಕಿಯಿಂದ ಕೇಳಿದರು, "ಬರಬ್ಯಾಡ ಅಂದಿದ್ನಲ್ಲ?"

"ನಿಮಗ ನನ್ನ ಮ್ಯಾಲ ಸಿಟ್ಟದರೀ. ಗಿಡಕ್ಕೇನು ಸಿಟ್ಟಿಲ್ಲಲ್ಲ."

ಶಿವಕಾಂತಮ್ಮನವರಿಗೆ ನಗು ಬಂದರೂ ನಗಲಿಲ್ಲ. ಅವರ ತವರು ಕಮಲಾಪುರ. ಅಣ್ಣ ಸಾಯಬಣ್ಣ ಅಲ್ಲಿ ಕೆಂಪು ಬಾಳೆ ಬೆಳೆಯುವವನು. "ನಡಿ, ನಮ್ಮಣ್ಣನ್ನ ಕೇಳೂಣು. ಅವ ಹೇಳಿದ್ರ ಖರೆ" ಎಂದು ರವಿವಾರ ಜುಬೇದಾಳನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಟೇಬಿಟ್ಟರು. ಫಕ್ರುದ್ದೀನ ದಾರಿಯುದ್ದಕ್ಕೂ ಫೋನು ಮಾಡಿ, ಏನು ವಾದಿಸಬೇಕೆಂದು ಹೆಂಡತಿಗೆ ಹೇಳಿಕೊಡುತ್ತಿದ್ದ.

ಸಾಯಬಣ್ಣ ತೋಟದಲ್ಲಿ ಬಾಳೆಯ ಮರಿಗಳನ್ನು ಕಡಿದು ಹಾಕುತ್ತಿದ್ದ. ತಂಗಿಯ ದೂರನ್ನೆಲ್ಲ ಕೇಳಿ ತಲೆ ಕೆರೆದುಕೊಂಡ.

"ಗುಲಾಬಿ ನನಗೇನ ಗೊತ್ತವಾ? ಆದ್ರ ಇಷ್ಟು ಮರಿ ಬಿಟ್ರ ಗೊನಿ ಸಣ್ಣಾಗ್ತದಂತ ಗೊತ್ತು." ಮರುಕ್ಷಣ ಜುಬೇದಾಳ ಕಡೆ ತಿರುಗಿದ. "ಮಾಲಿ ಅಂತೀರಲ್ಲ, ನಮ್ಮ ಮನ್ಯಾಗಿನ ಮಲ್ಲಿಗಿ ಬಳ್ಳಿ ಬರೀ ಎಲಿ ಬಿಡ್ತದ, ಒಂದ ಮೊಗ್ಗಿಲ್ಲ. ಯಾಕಿರಬೇಕು?"

ತೀರ್ಪು ಅಲ್ಲಿಗೇ ನಿಂತಿತು. ಜುಬೇದಾ ಹಿತ್ತಲಿಗೆ ಹೋಗಿ ಬುಡದ ಮಣ್ಣು ಹಿಚುಕಿ ನೋಡಿದಳು. "ದಿನಾ ನೀರು ಕುಡಸ್ತೀರಿ. ಈ ಚಳಿಯಾಗ ಒಂದು ತಿಂಗಳು ನೀರು ಬಂದ್ ಮಾಡ್ರಿ, ಒಣಗಿದಂಗ ಕಾಣ್ತದ, ಅಂಜಬ್ಯಾಡ್ರಿ. ಆಮ್ಯಾಲ ಸವರಿ, ಗೊಬ್ಬರ ಹಾಕಿ, ನೀರು ಬಿಡ್ರಿ. ಬ್ಯಾಸಗಿಗೆ ಬುಟ್ಟಿ ತುಂಬತದ." ಹೇಳುವಾಗ ಅವಳ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಪಕ್ಕದಲ್ಲಿ ನಿಂತ ಶಿವಕಾಂತಮ್ಮ ಅದನ್ನು ಗಮನಿಸಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಜುಬೇದಾಳಿಗೆ ಬಿಟ್ಟುಕೊಟ್ಟರು.

ಹತ್ತು ದಿನಕ್ಕೆ ಕಡ್ಡಿಗಳ ಮೈಮೇಲೆ ತಾಮ್ರದ ಬಣ್ಣದ ಚಿಗುರು ಎದ್ದಿತು. ಮತ್ತೆರಡು ವಾರಕ್ಕೆ ಇಪ್ಪತ್ತು ಗಿಡ ಹಸಿರಾದರೆ, ಎರಡು ಮಾತ್ರ ಸುಟ್ಟಂತೆ ಕಪ್ಪಾದವು. ಜುಬೇದಾ ಬುಡ ಕೆದರಿದಾಗ ಬಿಳಿ ಕಾಳು ಸಿಕ್ಕವು.

"ಅಕ್ಕಾರ, ಇಲ್ಲಿ ಯೂರಿಯಾ ಯಾರು ಹಾಕ್ಯಾರ?"

ಶಿವಕಾಂತಮ್ಮ ಶಾಲೆಯ ಮಕ್ಕಳಂತೆ ಕೈ ಹಿಂದೆ ಕಟ್ಟಿಕೊಂಡರು. "ಜಲ್ದಿ ಬರ್ಲಿ ಅಂತ... ಇವೆರಡಕ್ಕ ಎರಡೆರಡು ಮುಟ್ಟಿಗಿ ಹಾಕೀನಿ." ಇಬ್ಬರೂ ಮೊದಲ ಸಲ ಒಟ್ಟಿಗೆ ನಕ್ಕರು.

ಕುಬಸದ ದಿನ ಅಂಗಳದಲ್ಲಿ ಕೆಂಪು, ಹಳದಿ, ಗುಲಾಬಿ ಬಣ್ಣದ ಹೂಗಳು ಅಂಗೈಯಷ್ಟು ಅರಳಿದ್ದವು. ಇನ್ನೂ ಬಿರಿಯದ ಮೊಗ್ಗುಗಳೂ ಸಾಕಷ್ಟಿದ್ದವು. ಜುಬೇದಾ ಅಂದು ಜರಿ ಸೀರೆಯುಟ್ಟು ಬಂದಳು. ಪ್ರೀತಿಯ ಪಕ್ಕದಲ್ಲಿ ಕೂತು ತಾನು ತಂದ ಹಸಿರು ಬಳೆ ತೊಡಿಸಿದಳು. ಆದರೂ ಹೂ ಕೀಳುವ ಹೆಂಗಸರ ಕೈ ಕಂಡು ತಡೆಯಲಾಗದೆ ಎದ್ದುಹೋಗಿ, "ಹಂಗ ಜಗ್ಗಬ್ಯಾಡ್ರಿ, ಐದೆಲಿ ಕೂಡಿರೂ ಜಾಗದ ಮ್ಯಾಲ ಕತ್ತರಿ ಹಾಕ್ರಿ" ಎಂದು ತೋರಿಸಿಕೊಟ್ಟಳು.

ಊಟವಾಗುವಷ್ಟರಲ್ಲಿ ಆ ಓಣಿಯ ಮೂರು ಮನೆಯವರು ಅವಳ ಫೋನ್ ನಂಬರ್ ಬರೆದುಕೊಂಡಿದ್ದರು. ಹೋಳಿಗೆ ಮುರಿಯುತ್ತ ಜುಬೇದಾ ಹೇಳುತ್ತಿದ್ದಳು: "ಸೋಮವಾರ ತುಂಬೇದ, ಶುಕ್ರವಾರ ರಜಾ. ಬುಧವಾರ ಆದ್ರ ನೋಡ್ರಿ, ಆದ್ರ ನಾ ಕತ್ತರಿ ಹಿಡಿದಾಗ ನಡುವ ಬಾಯಿ ಹಾಕಬಾರದು."

"ಹಾಕಂಗಿಲ್ಲ ಬಿಡ್ರಿ" ಎಂದು ಅವರ ಪರವಾಗಿ ಉತ್ತರ ಕೊಟ್ಟವರು ಶಿವಕಾಂತಮ್ಮ. ಕೊಟ್ಟು, ಅವಳ ಎಲೆಗೆ ಇನ್ನೊಂದು ಹೋಳಿಗೆ, ಮೇಲೆ ತುಪ್ಪ ಬಡಿಸಿದರು.