ಒರೆಸುವುದು, ತೊಳೆಯುವುದು

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಧಾರವಾಡದ ಆಂಟಿಯೊಬ್ಬರಿದ್ದರು. ವೃದ್ಧಾಶ್ರಮದ ಕೆಲಸಕ್ಕೆ ಬೇಕೆಂದು ನನ್ನ ಬಳಿ ಇಂಗ್ಲಿಷ್ ಕಲಿಯುತ್ತಿದ್ದರು. ಬಟ್ಟೆಗೂ ವಾಶ್, ಪಾತ್ರೆಗೂ ವಾಶ್ ಎಂದರೆ ಅವರಿಗೆ ನಗು.

"ಅರಿವಿ ಒಗೀತಾರ, ಭಾಂಡಿ ತಿಕ್ಕತಾರ. ಎಲ್ಲಾದಕ್ಕೂ ಒಂದ ಶಬ್ದ ಏನವ್ವ?"

"ವೈಪ್ ಮಾತ್ರ ಬೇರೆ ಆಂಟಿ. ಅದು ಒರೆಸೋದು."

ಕೆಲಸದ ಮೊದಲ ದಿನ ಮೇಲ್ವಿಚಾರಕಿ, ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರ ಮುಖ ವೈಪ್ ಮಾಡಲು ಹೇಳಿದಳಂತೆ. ಆಂಟಿ ಬೋಗುಣಿಯಲ್ಲಿ ಬೆಚ್ಚನೆಯ ನೀರು ತಂದು ಅಂಗೈಯಿಂದ ತೊಳೆದರು. ದಿಂಬು ನೆನೆಯಿತು.

"ನಾನು ಹೇಳಿದ್ದು ವೈಪ್," ಎಂದಳಂತೆ ಮೇಲ್ವಿಚಾರಕಿ.

ಸಂಜೆ ನಾನು, "ಮರೆತುಬಿಟ್ರಾ ಆಂಟಿ?" ಎಂದೆ.

"ಮರ್ತಿಲ್ಲವ್ವ. ಒರಸೂದು ಟೇಬಲ್ಲಿಗೆ. ಮುಖಾ ತೊಳೀಬೇಕು."

ಮುಖ ತೊಳೆಸಿಕೊಂಡ ಅಜ್ಜಿ ಆಗ ಕಣ್ಣು ಮುಚ್ಚಿಕೊಂಡೇ, "ವಾಶ್ ಅಗೇನ್" ಎಂದಿದ್ದರಂತೆ. ಮೇಲ್ವಿಚಾರಕಿ ತಾನೇ ಹೋಗಿ ಒಣ ದಿಂಬು ತಂದಳಂತೆ.