ರಂಗಪ್ಪನ ಗಟ್ಟಿ ಗುಳಿಗೆ

ಅಜ್ಜಂಪುರದ ರಂಗಪ್ಪ ತಾನು ಮಾಡುವ ಹೊಟ್ಟೆಯುಬ್ಬರದ ಗುಳಿಗೆಯ ಗುಣವನ್ನು ಗಿರಾಕಿಗಳಿಗೆ ತೋರಿಸುತ್ತಿದ್ದುದು ಅದನ್ನು ಅಂಗಡಿಯ ಕಡಪ ಕಲ್ಲಿಗೆ ಎಸೆದು. ಗುಳಿಗೆ ಟಣ್ಣೆಂದು ಪುಟಿದು ಬೆಂಚಿನ ಕೆಳಗೆ ಸೇರುತ್ತಿತ್ತು. "ನೋಡಿ, ಒಂದ್ ಚೂರೂ ಉದುರ್ಲಿಲ್ಲ" ಎನ್ನುತ್ತಿದ್ದ. ಕಲ್ಲಿಗೂ ಹೊಟ್ಟೆಗೂ ಏನು ಸಂಬಂಧವೆಂದು ಯಾರೂ ಕೇಳಿರಲಿಲ್ಲ.

ಅವನದು ಕಂಬಳಿ ನೇಯುವ ಮನೆತನ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿದ ಅಂಟನ್ನು ಮಗ್ಗದ ಉಣ್ಣೆಯ ಎಳೆಗಳಿಗೆ ಬಳಿಯುವುದನ್ನು ನೋಡುತ್ತಲೇ ಬೆಳೆದವನು. ಮಗ್ಗ ಬಿಟ್ಟು, ಲೈಸೆನ್ಸ್ ಪಡೆದು, ಗುಳಿಗೆ ಒತ್ತುವ ಯಂತ್ರ ತಂದ ಮೇಲೆ ಶುಂಠಿ, ಓಮ, ಅಳಲೆಕಾಯಿಯ ಪುಡಿಯನ್ನು ಹಿಡಿದಿಡಲು ಅದೇ ಅಂಟು ಬಳಸಿದ. ಅಂಟು ಸುರಿಯುವ ಕೈ ಮಾತ್ರ ಕಂಬಳಿಯ ಅಳತೆಯನ್ನು ಬಿಡಲಿಲ್ಲ.

ಚೌಳಹಿರಿಯೂರಿನ ಹಾಲಮ್ಮನಿಗೆ ಗುಳಿಗೆ ನುಂಗಲು ಬಾರದು. ಬೆಳಿಗ್ಗೆ ಒಂದನ್ನು ಲೋಟದ ನೀರಿಗೆ ಹಾಕಿ ಹೊಲಕ್ಕೆ ಹೋದಳು. ಸಂಜೆ ನೋಡಿದರೆ ಗುಳಿಗೆ ಕೊಂಚ ಹೊಳಪೇರಿ ತಳದಲ್ಲಿ ಕುಳಿತಿತ್ತು. ಮರುದಿನ ಅದನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿ, ಬಸ್ಸಿನವರಿಗೆಲ್ಲ ತೋರಿಸಿ ಆಡಿಕೊಳ್ಳುತ್ತಲೇ ಅಂಗಡಿಗೆ ಬಂದಳು.

"ತಗೋ ರಂಗಪ್ಪ. ಮೊಮ್ಮಗಂಗೆ ಗೋಲಿ ಆಡಕ್ಕೆ ಕೊಡಾಣ ಅಂದ್ಕಂಡೆ. ನಿಂಗೇ ಬೇಕಾಗ್ಬೋದು ಅಂತ ತಂದೆ."

"ಅದು ಗಟ್ಟಿ ಮಾಲು, ಹಾಲಕ್ಕ."

"ನಾನ್ ಕೇಳಿದ್ದು ಹೊಟ್ಟೆ ಉಬ್ಬರಕ್ಕೆ ಕಣೋ, ಹೊಟ್ಟೆಗೆ ತಳಪಾಯ ಹಾಕಕ್ಕಲ್ಲ."

ಅಲ್ಲಿದ್ದ ಗಿರಾಕಿಗಳು ನಕ್ಕು, ಆಮೇಲೆ ಬರುತ್ತೇವೆಂದು ಹೋದವರು ಮತ್ತೆ ಬರಲಿಲ್ಲ. ಹಾಲಮ್ಮ ಒಪ್ಪದ ಹೊರತು ಯಂತ್ರಕ್ಕೆ ಕೆಲಸವಿಲ್ಲ ಎಂಬುದು ರಂಗಪ್ಪನಿಗೆ ತಿಳಿಯಿತು. ಮೊದಲು ಚೌಳಹಿರಿಯೂರಿನ ಬೋರ್‌ವೆಲ್ ನೀರನ್ನು ಬೈದ. ಆಮೇಲೆ ತಾನೇ ಒಂದು ಗುಳಿಗೆಯನ್ನು ಲೋಟಕ್ಕೆ ಹಾಕಿ, ಮಧ್ಯಾಹ್ನದವರೆಗೆ ಅದರ ಮುಖ ನೋಡುತ್ತ ಕುಳಿತ. ಗುಳಿಗೆಯೂ ಅವನ ಮುಖ ನೋಡುತ್ತ ಕುಳಿತಿತ್ತು.

ಅಂಟಿನ ಅಳತೆ ಇಳಿಸಿದ. ತೀರ ಇಳಿಸಿದಾಗ ಯಂತ್ರದಿಂದ ಪುಡಿಯೇ ಉದುರಿತು, ಸ್ವಲ್ಪ ಏರಿಸಿದ. ಈ ಗುಳಿಗೆಯನ್ನು ಕಲ್ಲಿಗೆ ಎಸೆಯುವ ಧೈರ್ಯ ಅವನಿಗಾಗಲಿಲ್ಲ. ಬೈಕಿನಲ್ಲಿ ಒಂದೊಂದು ಗುಂಡಿಗೂ ಬ್ರೇಕ್ ಹಾಕುತ್ತ ಹಾಲಮ್ಮನ ಮನೆ ಸೇರಿದ.

ಅವಳು ಡಬ್ಬಿ ಬಿಚ್ಚಿದಳು. "ಎರಡು ಒಡ್ದೋಗೈತಲ್ಲೋ."

"ಒಡೀಲಿ ಬಿಡಕ್ಕ." ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಅವಳು ಒಂದು ಇಡೀ ಗುಳಿಗೆಯನ್ನೇ ಆರಿಸಿ ನೀರಿಗೆ ಹಾಕಿದಳು. ಒಂದು ಕಟ್ಟು ಸೊಪ್ಪು ಸೋಸುವಷ್ಟರಲ್ಲಿ ಅದು ಉಬ್ಬಿ, ಬಿರಿದು, ತಳದಲ್ಲಿ ಕುಸಿಯಿತು. ಹಾಲಮ್ಮ ಕಲಕಿ ಕುಡಿದು ಮುಖ ಸಿಂಡರಿಸಿದಳು.

"ಥೂ, ಎಂಥ ಒಗರೋ. ಈಗ ಔಷ್ಧಿ ಇದ್ದಂಗೈತೆ. ಪಕ್ಕದ್ಮನೆ ಓಂಕಾರಮೂರ್ತಿಗೂ ಒಂದ್ ಡಬ್ಬಿ ತಂದ್ಕೊಡು. ಬಸ್ನಲ್ಲಿ ಹೇಳಿದ್ದು ಮಾತ್ರ ನಾನ್ ವಾಪಸ್ ತಗಳಲ್ಲ."